ಒಂಬತ್ತು ಜೊತೆ ಕಾಲಿನ ಪುಟ್ಟ ಬಿಳಿ ಹುಳ: ಇದು ಯಾವುದು, ಹೊಸ ಪ್ರಭೇದ ಅಂತ ತಿಳಿಯುವುದು ಹೇಗೆ?

ನೀವು ಕೇಳಿದ್ದು ಇಷ್ಟು: ತೋಟದಲ್ಲಿ ತರಗೆಲೆ ಸರಿಸಿ ಕಲ್ಲು ಎತ್ತಿದಾಗ ಅದರ ಅಡಿಯಲ್ಲಿ ಒಂದು ಮಿಲಿಮೀಟರ್ ಉದ್ದದ ಬಿಳಿ ಹುಳ ಓಡಾಡುತ್ತಿತ್ತು. ಫೋನಿಗೆ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿ ಫೋಟೋ ತೆಗೆದು ನೋಡಿದರೆ ಒಂಬತ್ತು ಜೊತೆ ಕಾಲು. ಇದು ಸಾವಿರಕಾಲಿನ ಮರಿಯಾ, ಬೇರೆ ಏನಾದರೂನಾ? ಯಾರೂ ಹೆಸರಿಡದ ಪ್ರಾಣಿಯೇ ಆಗಿದ್ದರೆ ಅದನ್ನು ತೀರ್ಮಾನಿಸುವುದು ಹೇಗೆ?

ಮಣ್ಣಿನಿಂದ ಇಂಥ ಜೀವಿಗಳನ್ನು ಬೇರ್ಪಡಿಸಿ ಸ್ಲೈಡ್ ಮಾಡುವುದು ನನ್ನ ಕೆಲಸ. ನೀವು ಕೊಟ್ಟ ವಿವರ ನೋಡಿದರೆ ಇದು ಪಾರೋಪಾಡ್ (ಸಾವಿರಕಾಲು, ಜರಿಗಳ ಗುಂಪಿಗೇ ಸೇರಿದ, ಮಣ್ಣಿನಲ್ಲಿ ಬದುಕುವ ಪುಟ್ಟ ಪ್ರಾಣಿ) ಆಗಿರುವ ಸಾಧ್ಯತೆ ಜಾಸ್ತಿ. ಆದರೆ ಬರೀ ಕಾಲು ಎಣಿಸಿ ಹಾಗೆ ಹೇಳಿಬಿಡಲು ನನಗೆ ಧೈರ್ಯವಿಲ್ಲ. ಮೊದಲು ಮೀಸೆ ನೋಡಿ.

ಪಾರೋಪಾಡ್ ಮೀಸೆಯನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಬುಡದಲ್ಲಿ ಕೆಲವು ಗಿಣ್ಣು, ಆಮೇಲೆ ಎರಡು ಕವಲು. ಮೇಲಿನ ಕವಲಿನ ತುದಿಯಲ್ಲಿ ಒಂದು ಉದ್ದನೆಯ ಎಳೆ. ಕೆಳಗಿನ ಕವಲಿನಲ್ಲಿ ಎರಡು ಎಳೆ, ಅವುಗಳ ನಡುವೆ ಒಂದು ಪುಟ್ಟ ಗುಂಡು. ಸಾವಿರಕಾಲು, ಜರಿ ಯಾವುದಕ್ಕೂ ಮೀಸೆ ಹೀಗೆ ಕವಲೊಡೆಯುವುದಿಲ್ಲ. ನಿಮ್ಮ ಫೋಟೋದಲ್ಲಿ ಕವಲು ಕಂಡರೆ ಮುಕ್ಕಾಲು ಪಾಲು ಅನುಮಾನ ಮುಗಿದ ಹಾಗೆ. ಓಡುವ ರೀತಿಯನ್ನೂ ಗಮನಿಸಿ. ಪಾರೋಪಾಡ್ ಸರ್ರನೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ದಿಕ್ಕು ಬದಲಿಸಿ ಮತ್ತೆ ಓಡುತ್ತದೆ. ಅದಕ್ಕೆ ಕಣ್ಣಿಲ್ಲ. ಬೆನ್ನಿನ ಎರಡೂ ಪಕ್ಕದಲ್ಲಿ ಐದೈದು ಉದ್ದನೆಯ ಸ್ಪರ್ಶರೋಮಗಳಿರುತ್ತವೆ. ಬೆಳಕು ಓರೆಯಾಗಿ ಬಿದ್ದರೆ ಅವು ಒಳ್ಳೆಯ ಲೆನ್ಸಿಗೂ ಕಾಣುತ್ತವೆ.

ಕಾಲಿನ ಲೆಕ್ಕವನ್ನು ಯಾಕೆ ನಂಬಬಾರದು ಅಂದರೆ, ಅದು ವಯಸ್ಸಿನ ಜೊತೆ ಬದಲಾಗುತ್ತದೆ. ಪಾರೋಪಾಡ್ ಮರಿ ಮೊಟ್ಟೆಯಿಂದ ಹೊರಬರುವಾಗ ಮೂರೇ ಜೊತೆ ಕಾಲು. ಪೊರೆ ಬಿಟ್ಟ ಹಾಗೆಲ್ಲ ಐದು, ಆರು, ಎಂಟು ಆಗಿ ಕೊನೆಗೆ ಒಂಬತ್ತಕ್ಕೆ ಬರುತ್ತದೆ. ಹೆಚ್ಚಿನವು ಒಂಬತ್ತರಲ್ಲೇ ನಿಲ್ಲುತ್ತವೆ. ಕೆಲವು ಬಗೆಗಳಲ್ಲಿ ಬೆಳೆದ ಪ್ರಾಣಿಗೆ ಎಂಟೋ ಹತ್ತೋ ಜೊತೆ. ಹೆಕ್ಸಾಮೆರೊಸೆರಾಟ ಎನ್ನುವ ಸಣ್ಣ ಗಣದಲ್ಲಿ ಹನ್ನೊಂದು ಜೊತೆ. ಸಾವಿರಕಾಲು ಕೂಡ ಹುಟ್ಟುವಾಗ ಮೂರು ಜೊತೆ ಕಾಲಿನದ್ದೇ, ಆಮೇಲೆ ಬೆಳೆಯುತ್ತಾ ಕಾಲು ಕೂಡಿಕೊಳ್ಳುತ್ತದೆ. ಹಾಗಾಗಿ ಎಳೆಯ ಸಾವಿರಕಾಲೂ ಬೆಳೆದ ಪಾರೋಪಾಡೂ ಬರಿಗಣ್ಣಿಗೆ ಒಂದೇ ಥರ ಬಿಳಿ ದಾರದ ಚೂರಿನಂತೆ ಕಾಣುವುದು ಸಹಜ.

ಕಲ್ಲಿನ ಅಡಿಯಲ್ಲಿ ಸಿಗುವ ಇನ್ನೊಂದು ಬಿಳಿ ಪ್ರಾಣಿ ಸಿಂಫೈಲ. ಇದು ಸ್ವಲ್ಪ ದೊಡ್ಡದು, ಕೆಲವು ಮಿಲಿಮೀಟರ್ ಉದ್ದ. ಬೆಳೆದ ಮೇಲೆ ಹನ್ನೆರಡು ಜೊತೆ ಕಾಲು. ಮೀಸೆ ಉದ್ದ, ಮಣಿ ಪೋಣಿಸಿದ ಹಾಗೆ, ಕವಲಿಲ್ಲ. ಹಿಂದುಗಡೆ ಎರಡು ಚೂಪಾದ ಬಾಲದಂಥ ಅಂಗಗಳಿದ್ದು, ಅವುಗಳಿಂದ ನೂಲು ಬರುತ್ತದೆ. ತೋಟ ಮಾಡುವವರು ಇದನ್ನು ಗುರುತಿಟ್ಟುಕೊಳ್ಳುವುದು ಒಳ್ಳೆಯದು. ಕೆಲವು ಸಿಂಫೈಲಗಳು ಎಳೆ ಬೇರನ್ನು ಕಡಿದು ಬೆಳೆಗೆ ನಷ್ಟ ಮಾಡುತ್ತವೆ, ಅನಾನಸ್ ಬೆಳೆಯುವವರಿಗೆ ಇದರ ತೊಂದರೆ ಗೊತ್ತು. ಪಾರೋಪಾಡ್‌ಗೆ ಆ ಸಾಮರ್ಥ್ಯವಿಲ್ಲ. ಅದರ ಬಾಯಿ ಸಣ್ಣದು, ಹೆಚ್ಚಾಗಿ ಶಿಲೀಂಧ್ರದ ಎಳೆಗಳ ಮೇಲೆ ಬದುಕುತ್ತದೆ. ದಯವಿಟ್ಟು ಅದಕ್ಕೆ ಔಷಧಿ ಹೊಡೆಯಬೇಡಿ.

ಈ ಪ್ರಾಣಿಯನ್ನು ಜಗತ್ತು ಕಂಡುಕೊಂಡ ಕಥೆ ನಿಮ್ಮ ಕಥೆಗೆ ಬಹಳ ಹತ್ತಿರ. 1866ರಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ಜಾನ್ ಲಬಕ್ ಎನ್ನುವವರು ತಮ್ಮ ತೋಟದಲ್ಲೇ ಇದನ್ನು ಕಂಡರು. ಅವರು ವೃತ್ತಿಯಲ್ಲಿ ಬ್ಯಾಂಕರ್, ಆಮೇಲೆ ಪಾರ್ಲಿಮೆಂಟ್ ಸದಸ್ಯರೂ ಆದರು. ಬ್ರಿಟನ್ನಿನ ಬ್ಯಾಂಕ್ ರಜೆಗಳ ಕಾನೂನು 1871ರಲ್ಲಿ ಬಂದದ್ದು ಅವರ ಪ್ರಯತ್ನದಿಂದ. ಚಾರ್ಲ್ಸ್ ಡಾರ್ವಿನ್ ಅವರ ನೆರೆಯವರು. ಹುಡುಗ ಲಬಕ್‌ಗೆ ಮೈಕ್ರೋಸ್ಕೋಪ್ ಕೊಡಿಸಿ ಅಂತ ಅಪ್ಪನ ಮನವೊಲಿಸಿದವರು ಡಾರ್ವಿನ್ನರೇ. ಆ ಹುಡುಗ ಮುಂದೆ ಒಂದು ಇಡೀ ವರ್ಗದ ಪ್ರಾಣಿಗಳನ್ನು ವಿಜ್ಞಾನಕ್ಕೆ ತೋರಿಸಿಕೊಟ್ಟ. ದೂರದ ಕಾಡಿಗೆ ಹೋಗಿ ಅಲ್ಲ, ಮನೆಯ ಹಿತ್ತಲಲ್ಲಿ. ನನಗೆ ಈ ಸಂಗತಿ ಬಹಳ ಇಷ್ಟ. ಇಂಗ್ಲೆಂಡಿನಂಥ ದೇಶದಲ್ಲಿ, ಜೀರುಂಡೆ, ಚಿಟ್ಟೆ ಹಿಡಿಯುವ ಹವ್ಯಾಸಿಗಳು ಊರೂರಿಗೂ ಇದ್ದ ಕಾಲದಲ್ಲಿ, ಇದು ಅಲ್ಲಿಯವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಿದ್ದಿದ್ದರೂ ಯಾವುದೋ ಮರಿ ಅಂತ ಬಿಟ್ಟಿರಬೇಕು.

ಲಬಕ್ ಇದನ್ನು ಶತಪದಿಯ, ಅಂದರೆ ಜರಿಯ, ಹೊಸ ಬಗೆ ಅಂತ ಕರೆದು ಲಿನಿಯನ್ ಸೊಸೈಟಿಯ ಮುಂದಿಟ್ಟರು. ತಮ್ಮ ಗೆಳೆಯ, ಜೀವವಿಜ್ಞಾನಿ ಹಕ್ಸ್‌ಲಿಯವರ ಹೆಸರಿನಿಂದ ಪಾರೋಪಸ್ ಹಕ್ಸ್‌ಲೀಯೈ ಅಂತ ಹೆಸರಿಟ್ಟರು. ಇದು ಚುರುಕಾದ, ಸ್ವಚ್ಛವಾದ, ನೋಡಲು ಲವಲವಿಕೆಯ ಪ್ರಾಣಿ ಅಂತ ಪ್ರೀತಿಯಿಂದ ಬರೆದರು. ಆದರೆ ಶತಪದಿಯ ಜೊತೆ ಇಟ್ಟದ್ದು ನಿಲ್ಲಲಿಲ್ಲ. ಶತಪದಿಯ ಜನನರಂಧ್ರ ಇರುವುದು ದೇಹದ ಹಿಂತುದಿಯಲ್ಲಿ. ಪಾರೋಪಾಡ್‌ನಲ್ಲಿ ಅದು ಮುಂದುಗಡೆ, ಸಾವಿರಕಾಲಿನಲ್ಲಿ ಇರುವ ಹಾಗೆ. ಹೀಗೆ ಒಂದೊಂದೇ ಅಂಗ ನೋಡುತ್ತಾ ಹೋಗಿ, ಇವತ್ತು ಬಹುಪದಿಗಳಲ್ಲಿ (ಇಂಥ ಬಹಳ ಕಾಲಿನ ಪ್ರಾಣಿಗಳಲ್ಲಿ) ನಾಲ್ಕು ವರ್ಗ ಮಾಡಿದ್ದಾರೆ: ಶತಪದಿ, ಸಹಸ್ರಪದಿ (ಸಾವಿರಕಾಲು), ಸಿಂಫೈಲ, ಪಾರೋಪಾಡ್.

ಇವುಗಳಲ್ಲಿ ಯಾವುದು ಯಾವುದಕ್ಕೆ ಹತ್ತಿರದ ನೆಂಟ ಎನ್ನುವ ವಿಷಯದಲ್ಲಿ ಇನ್ನೂ ವಾದವಿದೆ. ದೇಹದ ರಚನೆ ನೋಡುವವರು ಪಾರೋಪಾಡನ್ನು ಸಹಸ್ರಪದಿಯ ಪಕ್ಕ ಇಡುತ್ತಾರೆ. ಎರಡರ ಬಾಯಿಯ ರಚನೆ ಹೋಲುತ್ತದೆ, ಎರಡೂ ಮೂರು ಜೊತೆ ಕಾಲಿನಿಂದ ಶುರುವಾಗುತ್ತವೆ. ಜೀನ್‌ಗಳನ್ನು ಹೋಲಿಸಿದ ಹಲವು ಅಧ್ಯಯನಗಳು ಅದನ್ನು ಸಿಂಫೈಲದ ಜೊತೆ ಸೇರಿಸಿದವು. ಆದರೆ ಎರಡು ವಂಶಗಳ ಜೀನ್‌ಗಳು ಬೇಗ ಬೇಗ ಬದಲಾಗಿದ್ದರೆ, ನೆಂಟಸ್ತನ ಇಲ್ಲದಿದ್ದರೂ ಅವು ಲೆಕ್ಕದಲ್ಲಿ ಒಟ್ಟಿಗೆ ಬಂದುಬಿಡಬಹುದು. ಆದ್ದರಿಂದ ಜೀನ್ ಹೇಳಿತು ಅಂತ ದೇಹದ ಸಾಕ್ಷ್ಯವನ್ನು ಮೂಲೆಗೆ ಸರಿಸುವುದು ಅವಸರ ಅಂತ ನನ್ನ ಅಭಿಪ್ರಾಯ.

ಕಾಲಿನ ಲೆಕ್ಕ ಎಷ್ಟು ದಾರಿ ತಪ್ಪಿಸುತ್ತದೆ ಅನ್ನುವುದಕ್ಕೆ ಸಹಸ್ರಪದಿಗಳಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಲಾಕ್ಮೆ ಪ್ಲೆನಿಪೆಸ್ ಎನ್ನುವ ದಾರದಷ್ಟು ಸಣ್ಣ ಸಾವಿರಕಾಲು ಇದೆ. 1928ರಲ್ಲಿ ಹೆಸರಿಟ್ಟ ಮೇಲೆ ದಶಕಗಳ ಕಾಲ ಯಾರಿಗೂ ಸಿಗಲಿಲ್ಲ. 2005ರಲ್ಲಿ ಪಾಲ್ ಮಾರೆಕ್ ಅದನ್ನು ಮತ್ತೆ ಹುಡುಕಿದರು. 750 ಕಾಲು, ಅಲ್ಲಿಯವರೆಗಿನ ದಾಖಲೆ. ಆಮೇಲೆ 2020ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗೋಲ್ಡ್‌ಫೀಲ್ಡ್ಸ್ ಪ್ರದೇಶದಲ್ಲಿ, ಖನಿಜ ಹುಡುಕಲು ಕೊರೆದ ಬಾವಿಯೊಂದರ 60 ಮೀಟರ್ ಆಳದಿಂದ ಇನ್ನೊಂದು ಬಂತು. ಹುಳಗಳನ್ನು ಸೆಳೆಯಲು ತರಗೆಲೆ ತುಂಬಿದ ಬಲೆಯನ್ನು ಆ ರಂಧ್ರದೊಳಗೆ ಇಳಿಬಿಟ್ಟಿದ್ದರು. ಕಣ್ಣಿಲ್ಲ, ಬಣ್ಣವಿಲ್ಲ, ಅಗಲ ಒಂದು ಮಿಲಿಮೀಟರ್‌ಗಿಂತ ಕಡಿಮೆ, ಉದ್ದ ಹತ್ತಿರ ಹತ್ತಿರ ಹತ್ತು ಸೆಂಟಿಮೀಟರ್. ಒಂದು ಹೆಣ್ಣಿಗೆ 1306 ಕಾಲು. ಸಾವಿರ ಕಾಲನ್ನು ನಿಜವಾಗಿ ದಾಟಿದ ಮೊದಲ ಪ್ರಾಣಿ. 2021ರ ಡಿಸೆಂಬರ್‌ನಲ್ಲಿ ಮಾರೆಕ್ ಮತ್ತು ಅವರ ಜೊತೆಗಾರರು ಅದಕ್ಕೆ ಯೂಮಿಲ್ಲಿಪೆಸ್ ಪರ್ಸೆಫೋನೆ ಅಂತ ಹೆಸರಿಟ್ಟರು. ಗ್ರೀಕರ ಪುರಾಣದಲ್ಲಿ ಪರ್ಸೆಫೋನೆ ಪಾತಾಳದ ರಾಣಿ.

ಸುದ್ದಿಯಲ್ಲಿ ಬಂದದ್ದು 1306 ಮಾತ್ರ. ಅದೇ ಪ್ರಭೇದದ ಇನ್ನೊಂದು ಹೆಣ್ಣಿಗೆ ಇದ್ದದ್ದು 998 ಕಾಲು. ಎರಡು ಗಂಡುಗಳಿಗೆ 818 ಮತ್ತು 778. ಒಂದೇ ಪ್ರಭೇದದೊಳಗೆ ಇಷ್ಟು ವ್ಯತ್ಯಾಸ! ಇಲಾಕ್ಮೆಯನ್ನೂ ಇದನ್ನೂ ಪಕ್ಕಪಕ್ಕ ಇಟ್ಟರೆ ಅಕ್ಕತಂಗಿಯರ ಹಾಗಿವೆ, ಅಲ್ವಾ? ಆದರೆ ಎರಡೂ ಒಂದೇ ಗಣಕ್ಕೆ ಸೇರಿದವಲ್ಲ. ತಲೆಯ ಆಕಾರ, ಮೀಸೆ, ಗಂಡಿನ ಸಂತಾನಕಾಲುಗಳು (ಕೂಡುವಾಗ ಬಳಸುವ ಮಾರ್ಪಟ್ಟ ಕಾಲುಗಳು), ಜೀನ್ ಎಲ್ಲ ನೋಡಿದಾಗ ಆಸ್ಟ್ರೇಲಿಯಾದ್ದು ಪೊಲಿಜೋನಿಡ ಗಣಕ್ಕೆ, ಕ್ಯಾಲಿಫೋರ್ನಿಯಾದ್ದು ಸೈಫೊನೊಫೊರಿಡ ಗಣಕ್ಕೆ ಸೇರಿತು. ಕತ್ತಲ ಸಂದುಗಳಲ್ಲಿ ತೂರಿಕೊಂಡು ಬದುಕುವ ಅಗತ್ಯ ಇಬ್ಬರಿಗೂ ಬಂತು, ಇಬ್ಬರ ದೇಹವೂ ಬೇರೆ ಬೇರೆಯಾಗಿ ಉದ್ದವಾಯಿತು, ಕಾಲು ಜಾಸ್ತಿಯಾಯಿತು.

ಈಗ ನಿಮ್ಮ ಹುಳಕ್ಕೆ ಬರೋಣ. ಪಾರೋಪಾಡ್ ಅಂತ ಖಾತ್ರಿಯಾದರೂ ಪ್ರಭೇದ ಯಾವುದು ಅನ್ನುವುದು ಫೋಟೋದಿಂದ ತಿಳಿಯುವುದಿಲ್ಲ. ಅದನ್ನು ಲ್ಯಾಕ್ಟಿಕ್ ಆಸಿಡ್‌ನಲ್ಲಿಟ್ಟು ಪಾರದರ್ಶಕ ಮಾಡಿ, ಸ್ಲೈಡಿಗೆ ಏರಿಸಿ, 400ರಿಂದ 1000 ಪಟ್ಟು ದೊಡ್ಡದು ಮಾಡಿ ನೋಡಬೇಕು. ನೋಡುವುದು ಮುಖ್ಯವಾಗಿ ರೋಮಗಳನ್ನು. ತಲೆಯ ಮೇಲಿನ ಪ್ರತಿ ಸಾಲಿನಲ್ಲಿ ಎಷ್ಟು ರೋಮ, ಒಂದಕ್ಕೊಂದು ಎಷ್ಟು ದೂರ, ತುದಿ ಚೂಪಾ ಮೊಂಡಾ. ಮೂರನೇ ಜೊತೆ ಸ್ಪರ್ಶರೋಮದ ತುದಿ ದಪ್ಪಗಿದೆಯಾ. ಮೀಸೆಯ ಎಳೆಗಳ ಉದ್ದದ ಅನುಪಾತ ಎಷ್ಟು, ನಡುವಿನ ಗುಂಡಿನ ಆಕಾರ ಹೇಗೆ. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ದೇಹದ ಕೊನೆಯ ಖಂಡದ ಕೆಳಗಿರುವ ಗುದಫಲಕ. ಮಿಲಿಮೀಟರ್‌ನ ನೂರರ ಒಂದೆರಡು ಭಾಗದಷ್ಟೇ ಇರುವ ಆ ತಗಡು ಕೆಲವುದರಲ್ಲಿ ದುಂಡಗೆ, ಕೆಲವುದರಲ್ಲಿ ಸೀಳಾಗಿ, ಕೆಲವುದರಲ್ಲಿ ಕೊಂಬು ಬಂದ ಹಾಗಿರುತ್ತದೆ. ಹತ್ತಿರದ ಪ್ರಭೇದಗಳನ್ನು ಬೇರೆ ಮಾಡಲು ಎಷ್ಟೋ ಸಲ ಅದೊಂದೇ ಆಧಾರ.

ಇದಕ್ಕಾಗಿ ಬೆಳೆದ ಪ್ರಾಣಿಯೇ ಬೇಕು. ಮರಿಯಲ್ಲಿ ರೋಮಗಳ ಲೆಕ್ಕ ಪೂರ್ತಿ ಆಗಿರುವುದಿಲ್ಲ. ಒಂದಕ್ಕಿಂತ ಹೆಚ್ಚು ಮಾದರಿ ಇದ್ದರೆ ಒಳ್ಳೆಯದು, ಗಂಡು ಹೆಣ್ಣು ಎರಡೂ ಸಿಕ್ಕರೆ ಇನ್ನೂ ಒಳ್ಳೆಯದು. ಆಮೇಲೆ ಈವರೆಗೆ ವಿವರಿಸಿದ ಪ್ರಭೇದಗಳ ಜೊತೆ ಹೋಲಿಸಬೇಕು. ಅವು 800ಕ್ಕೂ ಹೆಚ್ಚಿವೆ. ಅವುಗಳಲ್ಲಿ ದೊಡ್ಡ ಪಾಲು ಬೆರಳೆಣಿಕೆಯ ಜನರ ಕೆಲಸ: ಫ್ರಾನ್ಸಿನ ಪಾಲ್ ರೆಮಿ, ಆಮೇಲೆ ಸ್ವೀಡನ್ನಿನ ಉಲ್ಫ್ ಶೆಲ್ಲರ್. ಶೆಲ್ಲರ್ ಅಮೆಜಾನ್‌ನಿಂದ ಆಗ್ನೇಯ ಏಷ್ಯಾದವರೆಗೆ ಬೇರೆಯವರು ಕಳಿಸಿದ ಮಣ್ಣಿನ ಮಾದರಿಗಳನ್ನು ದಶಕಗಳ ಕಾಲ ನೋಡಿದರು. ಬಾಲ್ಟಿಕ್ ಅಂಬರ್‌ನಲ್ಲಿ (ಕಲ್ಲಾದ ಮರದ ಅಂಟಿನಲ್ಲಿ) ಸಿಕ್ಕಿಕೊಂಡಿದ್ದ ಪಳೆಯುಳಿಕೆ ಪಾರೋಪಾಡನ್ನೂ ವಿವರಿಸಿದರು. ಇಂಥ ಗುಂಪಿನಲ್ಲಿ ಹೊಸತು ಸಿಗುವುದು ಅಪರೂಪವಲ್ಲ. ಅಪರೂಪವಾಗಿರುವುದು ಕೂತು ನೋಡುವ ಜನ. ಹಾಗಾಗಿ ನಿಮ್ಮದು ಹೊಸದಾಗಿರಬಹುದು ಎಂಬ ಆಸೆ ಅತಿಯೇನಲ್ಲ.

ಇನ್ನಷ್ಟು ಮಾದರಿ ಬೇಕಲ್ವಾ? ಸುಲಭದ ದಾರಿ ಇದೆ. ಇಟಲಿಯ ಆಂಟೋನಿಯೊ ಬರ್ಲೇಸೆ 1905ರಲ್ಲಿ ಮಾಡಿದ ಆಲಿಕೆ. ಅವರು ಬಿಸಿನೀರು ಬಳಸಿದ್ದರು, 1918ರಲ್ಲಿ ಸ್ವೀಡನ್ನಿನ ಟುಲ್‌ಗ್ರೆನ್ ಅದಕ್ಕೆ ಬಲ್ಬ್ ಜೋಡಿಸಿದರು. ಮನೆಯಲ್ಲಿ ಮಾಡುವುದಾದರೆ ದೊಡ್ಡ ನೀರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ ತಲೆಕೆಳಗಾಗಿಡಿ. ಒಳಗೆ ಜಾಲರಿ ಹಾಕಿ, ಅದರ ಮೇಲೆ ಮಣ್ಣನ್ನು ತೆಳ್ಳಗೆ ಹರಡಿ. ಕೆಳಗೆ ಆಲ್ಕೋಹಾಲ್ ಇರುವ ಸಣ್ಣ ಡಬ್ಬಿ, ಮೇಲೆ ಬಲ್ಬ್. ಎಲ್ಇಡಿ ಬೇಡ, ಬಿಸಿ ಬರುವ ಹಳೇ ಬಲ್ಬೇ ಬೇಕು. ಮಣ್ಣು ಮೇಲಿನಿಂದ ಒಣಗುತ್ತಾ ಬಂದ ಹಾಗೆ ಜೀವಿಗಳು ತೇವ ಹುಡುಕಿಕೊಂಡು ಕೆಳಗಿಳಿದು ಡಬ್ಬಿಗೆ ಬೀಳುತ್ತವೆ. ಅವಸರಪಟ್ಟು ಬಲ್ಬನ್ನು ತೀರಾ ಹತ್ತಿರ ಇಟ್ಟರೆ ಪಾರೋಪಾಡ್‌ಗಳು ದಾರಿಯಲ್ಲೇ ಒಣಗಿ ಸಾಯುತ್ತವೆ, ಅವುಗಳ ಚರ್ಮ ಅಷ್ಟು ತೆಳು. ತರಗೆಲೆಗಿಂತ ಅದರ ಕೆಳಗಿನ ಮಣ್ಣು, ಕೊಳೆತ ಮರದ ದಿಮ್ಮಿ, ಮಣ್ಣಲ್ಲಿ ಹೂತ ಕಲ್ಲಿನ ಅಡಿ ನೋಡಿ. ಕಲ್ಲಿನ ಅಡಿಯಲ್ಲಿ ಕಣ್ಣಿಗೆ ಕಂಡರೆ ಆಲ್ಕೋಹಾಲಿನಲ್ಲಿ ಅದ್ದಿದ ನುಣುಪಾದ ಕುಂಚದ ತುದಿಯಿಂದ ಎತ್ತಿ. ಚಿಮ್ಮಟ ಮುಟ್ಟಿಸಿದರೆ ನಜ್ಜುಗುಜ್ಜಾಗುತ್ತದೆ.

ಸ್ಲೈಡಿಗೆ ಹೋಗುವ ಮಾದರಿಗೆ 70–80 ಶೇಕಡಾ ಆಲ್ಕೋಹಾಲ್ ಸಾಕು. ಡಿಎನ್ಎ ನೋಡಬೇಕಾದದ್ದನ್ನು 95ಕ್ಕಿಂತ ಹೆಚ್ಚಿನದರಲ್ಲಿ ತಣ್ಣಗಿಡಬೇಕು. ಇಷ್ಟು ಸಣ್ಣ ಪ್ರಾಣಿಯನ್ನು ಅರೆದುಬಿಟ್ಟರೆ ನೋಡಲು ಏನೂ ಉಳಿಯುವುದಿಲ್ಲ. ಅದಕ್ಕೇ ಕಿಣ್ವದಲ್ಲಿ ನೆನೆಸಿ ಒಳಗಿನ ಡಿಎನ್ಎ ತೆಗೆದುಕೊಂಡು, ಉಳಿದ ಹೊರಗವಚವನ್ನು ಸ್ಲೈಡ್ ಮಾಡುವ ಪದ್ಧತಿ ಇದೆ. ಹಾಗೆ ಮಾಡಿದರೆ ಜೀನೂ ರೋಮವೂ ಒಂದೇ ಪ್ರಾಣಿಯದ್ದು ಅಂತ ಖಾತ್ರಿ ಇರುತ್ತದೆ.

ಹೊಸದೇ ಅಂತಾದರೆ, ಹೆಸರು ಅಧಿಕೃತವಾಗುವುದು ಚಿತ್ರ, ಅಳತೆ, ಹೋಲಿಕೆ ಸಮೇತ ವಿವರಣೆ ಪ್ರಕಟವಾದಾಗ. ಒಂದು ಮಾದರಿಯನ್ನು ಆ ಹೆಸರಿನ ಮೂಲ ಮಾದರಿ ಅಂತ ಗೊತ್ತುಮಾಡಬೇಕು. ನಮ್ಮಲ್ಲಿ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅದನ್ನು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಅಂಥದ್ದೊಂದು. ನಿಮ್ಮ ತೋಟ ದಾಟಿ ಪಕ್ಕದ ಕಾಡಿನಲ್ಲೂ ಹುಡುಕಬೇಕು ಅನಿಸಿದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಳ್ಳಿ.

ಸದ್ಯಕ್ಕೆ ಮಾಡಬೇಕಾದದ್ದು ಸಣ್ಣ ಕೆಲಸ. ಪ್ರತಿ ಡಬ್ಬಿಯೊಳಗೆ ಒಂದು ಚೀಟಿ ಹಾಕಿ, ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಜಾಗ, ತಾರೀಖು, ಎಷ್ಟು ಆಳದ ಮಣ್ಣು, ಮೇಲೆ ಯಾವ ಮರ, ಹಿಡಿದವರ ಹೆಸರು. ಚೀಟಿ ಇಲ್ಲದ ಮಾದರಿ ಎಷ್ಟೇ ಚೆನ್ನಾಗಿದ್ದರೂ ವರ್ಗೀಕರಣಕ್ಕೆ ಬರುವುದಿಲ್ಲ. ಮುಂದಿನ ಫೋಟೋ ಹಾಕುವಾಗ ತಲೆಯ ಭಾಗವನ್ನು ಪಕ್ಕದಿಂದ ತೆಗೆಯಿರಿ. ಮೀಸೆಯಲ್ಲಿ ಕವಲಿದೆಯಾ ಅಂತ ಇಬ್ಬರೂ ಸೇರಿ ನೋಡೋಣ.