ಜೈಸಲ್ಮೇರ್ ಮರುಭೂಮಿ ಉತ್ಸವಕ್ಕೆ ಲ್ಯಾಪ್‌ಟಾಪ್ ಒಯ್ದರೆ ಧೂಳಿನಿಂದ ಕಾಪಾಡುವುದು ಹೇಗೆ?

ಬಯಲಲ್ಲಿ ಇರುವಷ್ಟು ಹೊತ್ತು ಆನ್ ಮಾಡಲೇಬೇಡಿ. ಸ್ಲೀಪ್ ಸಾಲದು, ಪೂರ್ತಿ ಶಟ್‌ಡೌನ್ ಮಾಡಿ, ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ ಬ್ಯಾಗಿನಲ್ಲಿಡಿ. ಬರೀ ಬ್ಯಾಗ್ ನಂಬಬೇಡಿ, ಅದರ ಜಿಪ್ ಸಂದಿಯಲ್ಲೇ ಮರಳು ನುಸುಳುತ್ತದೆ.

ಯಾಕೆ ಅಂದ್ರೆ, ಧೂಳು ತಾನಾಗಿ ಒಳಗೆ ಹೋಗುವುದಕ್ಕಿಂತ ಫ್ಯಾನ್ ಎಳೆದುಕೊಳ್ಳುವುದೇ ಜಾಸ್ತಿ. ಬಿಸಿ ಇಳಿಸಲು ಅದು ಹೊರಗಿನ ಗಾಳಿ ಎಳೆಯುವಾಗ ಹಿಟ್ಟಿನಂಥ ಧೂಳೂ ಜೊತೆಗೆ ಬಂದು, ಒಳಗಿನ ತೆಳು ಲೋಹದ ಪಟ್ಟಿಗಳ ಸಂದಿಯಲ್ಲಿ ಕೂತುಬಿಡುತ್ತದೆ, ಆಮೇಲೆ ಬಿಸಿ ಹೊರಹೋಗದೆ ಮಷೀನ್ ನಿಧಾನವಾಗುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಧೂಳು ಕುಡಿದು ಬದುಕಿದ ಲ್ಯಾಪ್‌ಟಾಪ್ ಅಂತ ಧೈರ್ಯ ಬೇಡ. ಫ್ಯಾನ್ ಇಲ್ಲದ ಮಾಡೆಲ್ ಆದರೆ ಈ ಚಿಂತೆ ಕಮ್ಮಿ, ಆದರೂ ಕೀಬೋರ್ಡ್, ಚಾರ್ಜಿಂಗ್ ಪೋರ್ಟ್ ಇದ್ದೇ ಇವೆಯಲ್ಲ.

ಕವರಿನೊಳಗೇ ಇಟ್ಟು ಓಡಿಸುವ ಉಪಾಯವೂ ಬೇಡ, ಕಾದುಹೋಗುತ್ತದೆ. ಕೆಲಸ ಇದ್ದರೆ ರೂಮಿಗೆ ಬಂದು, ಕೈ ತೊಳೆದು, ಬಾಗಿಲು ಹಾಕಿ ಮಾಡಿ.

ಸ್ಕ್ರೀನ್ ಮೇಲೆ ಮರಳು ಕೂತರೆ ಸುಮ್ನೆ ಬಟ್ಟೆ ತಗೊಂಡು ಒರೆಸಬೇಡಿ. ಮರಳಿನ ಕಣ ಗಟ್ಟಿ, ಉಪ್ಪುಕಾಗದದ ಹಾಗೆ ಗೀರುತ್ತದೆ. ಕ್ಯಾಮೆರಾದವರು ಬಳಸುವ ರಬ್ಬರ್ ಬ್ಲೋವರ್ ಒಂದು ತಗೊಂಡು ಹೋಗಿ, ಲ್ಯಾಪ್‌ಟಾಪ್ ವಾಲಿಸಿ ಹಿಡಿದು ಪುಸ್ ಪುಸ್ ಅಂತ ಊದಿ, ಮರಳು ಉದುರಿದ ಮೇಲೆ ಒರೆಸಿ.