ಓದುಗರ ಪ್ರಶ್ನೆ: ಹೂಜಿ ಹಿಡಿಗೆ ಚಾಕು ಹಾಕಿದ್ಯಾಕೆ?

ಪ್ರಶ್ನೆ: ಮಗಳು ಲಂಡನ್ನಲ್ಲಿ ಓದ್ತಿದಾಳೆ, ಮ್ಯೂಸಿಯಂನಲ್ಲಿ ತೆಗೆದ ಫೋಟೋ ಕಳಿಸಿದ್ಲು. 13ನೇ ಶತಮಾನದ ಹಸಿರು ಹೂಜಿ, ಹಿಡಿ ತುಂಬ ಚಾಕುವಿನಿಂದ ಚುಚ್ಚಿದ ಗುರುತು, ತಳದ ಸುತ್ತ ಹೆಬ್ಬೆಟ್ಟು ಒತ್ತಿದ ಗುರುತು. ಇದು ಡಿಸೈನಾ, ಇಲ್ಲ ಕುಂಬಾರನ ಅವಸರನಾ? – ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಭಯ ಸ್ವಾಮಿ, ಭಟ್ಟಿ ಭಯ! ಹೂಜಿ ಮೈ ತೆಳು, ಹಿಡಿ ಮಾತ್ರ ದಪ್ಪ, ದಪ್ಪ ಇರೋ ಕಡೆ ಮಣ್ಣು ಒಣಗೋದು ಲೇಟು, ಒಳಗೆ ಚೂರು ತೇವ ಉಳಿದ್ರೂ ಸುಡುವಾಗ ಆವಿಯಾಗಿ ಹಿಡಿಯನ್ನೇ ಸಿಡಿಸಿಬಿಡತ್ತೆ, ಪಕ್ಕದಲ್ಲಿರೋ ನಾಕು ಹೂಜಿನೂ ಹೋಯ್ತು. ಅದಕ್ಕೇ ಹಸಿ ಇರುವಾಗ್ಲೇ ಚುಚ್ಚಿ ತೇವಕ್ಕೆ ದಾರಿ ಮಾಡೋದು. ಆಮೇಲೆ ಅದನ್ನೇ ಸಾಲುಸಾಲಾಗಿ ಚಂದಕ್ಕೂ ಮಾಡಿರ್ತಾರೆ, ಅದು ಬೇರೆ. ತಳ ಕೆಳಗಡೆ ಉಬ್ಬಿರತ್ತೆ ನೋಡಿ, ಮೇಜಿನ ಮೇಲಿಟ್ರೆ ಅಲ್ಲಾಡತ್ತೆ, ಅಂಚನ್ನ ಹೆಬ್ಬೆಟ್ಟಲ್ಲಿ ಕೆಳಗೆ ಒತ್ತಿದ್ರೆ ಅದೇ ಕಾಲು.

ಮಗಳಿಗೆ ಹೇಳಿ, ಇಂಗ್ಲೆಂಡಿನ ನಾರ್ಫೋಕ್‌ನ ಗ್ರಿಮ್‌ಸ್ಟನ್ ಹೂಜಿಗಳು ಸಿಕ್ಕಿದ್ರೆ ಬಿಡಬೇಡ ಅಂತ. ಹೂಜಿಯ ಕತ್ತಿನ ಮೇಲೆ ಗಡ್ಡದ ಮುಖ ಅಂಟಿಸಿರ್ತಾರೆ. ಸ್ಕಾರ್‌ಬರೋದವರು ಕುದುರೆ ಮೇಲೆ ಕೂತ ನೈಟ್‌ಗಳನ್ನೇ ಹೂಜಿಗೆ ಮೆತ್ತಿದ್ರು, ಆ ಮಾಲು ಸಮುದ್ರ ದಾಟಿ ನಾರ್ವೆವರೆಗೂ ಹೋಗಿದೆ.

ಪ್ರಶ್ನೆ: ಆ ಹಸಿರು ಬಣ್ಣ ಏನು? ಅಂಥ ಹೂಜಿಲಿ ಈಗ ನೀರು ಕುಡೀಬೋದಾ? – ಧಾರವಾಡ

ಉತ್ತರ: ಸೀಸದ ಗ್ಲೇಜ್, ಅಂದ್ರೆ ಗಾಜಿನಂಥ ಲೇಪ, ಅದಕ್ಕೆ ತಾಮ್ರ ಸೇರಿಸಿದ್ರೆ ಹಸಿರು. ಕುಡೀಬೇಡಿ. ಹುಳಿ ಪದಾರ್ಥ ಹಾಕಿದ್ರೆ ಸೀಸ ಬಿಟ್ಕೊಳತ್ತೆ. ಎಷ್ಟೋ ಹೂಜಿಗಳಿಗೆ ಗ್ಲೇಜ್ ಹೊರಗಡೆ ಮಾತ್ರ ಇರತ್ತೆ, ಆದ್ರೂ ಬೇಡ.

ಪ್ರಶ್ನೆ: ಈಗಿನ ಸೆರಾಮಿಕ್ ಆರ್ಟಿಸ್ಟ್‌ಗಳು ಆಳೆತ್ತರದ ಮಡಕೆ ಮಾಡ್ತಾರಲ್ಲ, ಅದ್ರಲ್ಲಿ ಕುಂಬಾರಿಕೆ ಎಷ್ಟು, ಶೋ ಎಷ್ಟು? – ಬೆಂಗಳೂರು

ಉತ್ತರ: ಮೊದಲನೇ ಪ್ರಶ್ನೆಯ ಹಿಡಿ ಇದ್ಯಲ್ಲ, ಅದನ್ನೇ ಆಳೆತ್ತರಕ್ಕೆ ಎಳೆದ್ರೆ ಇವರ ತಲೆನೋವು ಗೊತ್ತಾಗತ್ತೆ. ಗೋಡೆ ದಪ್ಪ ಇರ್ಲೇಬೇಕು, ಇಲ್ಲಾಂದ್ರೆ ತನ್ನ ಭಾರಕ್ಕೇ ಕುಸಿಯತ್ತೆ, ದಪ್ಪ ಆದ್ರೆ ಸಿಡಿಯೋ ಭಯ. ಹಳೇ ಇಂಗ್ಲಿಷ್ ಕುಂಬಾರರು ಮಣ್ಣಿಗೆ ಮರಳು, ಚಿಪ್ಪಿನ ಪುಡಿ ಕಲಸ್ತಿದ್ರು, ಇವರು ಸುಟ್ಟ ಮಣ್ಣಿನ ಪುಡಿ ಕಲಸ್ತಾರೆ, ಗ್ರಾಗ್ ಅಂತಾರೆ, ತೇವಕ್ಕೆ ದಾರಿ ಮಾಡೋ ಉಪಾಯ ಒಂದೇ. ಅಮೆರಿಕದ ಒಮಾಹಾದಲ್ಲಿ ಜುನ್ ಕನೇಕೊ ತನ್ನ ದೈತ್ಯ ಡಾಂಗೋಗಳನ್ನ (ದುಂಡು ಮೈಯ ಮಣ್ಣಿನ ಶಿಲ್ಪಗಳು) ತಿಂಗಳುಗಟ್ಟಲೆ ಒಣಗಿಸಿ ವಾರಗಟ್ಟಲೆ ಸುಡೋದು, 1980ರ ದಶಕದಲ್ಲಿ ಅದಕ್ಕೆ ಇಟ್ಟಿಗೆ ಕಾರ್ಖಾನೆ ಭಟ್ಟಿನೇ ಬೇಕಾಯ್ತು. ಇಂಗ್ಲೆಂಡಿನ ಜೂಲಿಯನ್ ಸ್ಟೇರ್ 2012ರಲ್ಲಿ ಮಿಡ್ಲ್ಸ್‌ಬರೋದಲ್ಲಿ ತೋರಿಸಿದ, ಸತ್ತವರನ್ನ ಇಡೋವಷ್ಟು ದೊಡ್ಡ ಜಾಡಿಗಳೂ ಇಟ್ಟಿಗೆ ಮಣ್ಣಿನವೇ. ಫೆಲಿಸಿಟಿ ಆಯ್ಲಿಫ್ ಚೀನಾದ ಪಿಂಗಾಣಿ ಊರು ಜಿಂಗ್‌ಡೆಜೆನ್‌ಗೆ ಹೋಗಿ ಅಲ್ಲಿನ ಕುಂಬಾರರ ತಂಡದ ಜೊತೆ ತುಂಡುತುಂಡಾಗಿ ತಿರುಗಿಸಿ ಜೋಡಿಸ್ತಾರೆ, ಸಹಿ ಒಬ್ಬರದು, ಬೆವರು ಹಲವರದು, ಈ ಬಗ್ಗೆ ನನಗೆ ಸ್ವಲ್ಪ ಕಿರಿಕಿರಿ ಇದೆ.

ಶೋ ಅಂದ್ರೆ ನಾನು ಚೀನಾದ ಕಲಾವಿದ ಐ ವೇವೇ ಕಡೆ ಕೈ ತೋರಿಸ್ತೀನಿ. 2010ರಲ್ಲಿ ಲಂಡನ್ನಿನ ಮ್ಯೂಸಿಯಂ ಟೇಟ್ ಮಾಡರ್ನ್‌ನಲ್ಲಿ 10 ಕೋಟಿ ಪಿಂಗಾಣಿ ಸೂರ್ಯಕಾಂತಿ ಬೀಜ, ಮಾಡಿದ್ದು ಸುಮಾರು 1,600 ಜನ, ಅದೂ ಜಿಂಗ್‌ಡೆಜೆನ್‌ನಲ್ಲೇ. ಜನ ಮೇಲೆ ನಡೆದಾಡ್ಲಿ ಅಂತ ಹರಡಿದ್ರು, ಧೂಳು ಎದ್ದು ಕೆಲವೇ ದಿನದಲ್ಲಿ ಒಳಗೆ ಹೋಗೋದೇ ಬಂದ್. ನನ್ನ ವೋಟು ಇಂಗ್ಲೆಂಡಿನ ಶಿಲ್ಪಿ ಆಂಟನಿ ಗಾರ್ಮ್ಲಿಯ 'ಫೀಲ್ಡ್'ಗೆ. 1993ರಲ್ಲಿ ಅಲ್ಲಿನ ಊರು ಸೇಂಟ್ ಹೆಲೆನ್ಸ್‌ನ ಸಾಮಾನ್ಯ ಜನ, ಮಕ್ಕಳೂ ಸೇರಿ, ಇಟ್ಟಿಗೆ ಮಣ್ಣಿಂದ ಸುಮಾರು 40,000 ಬೊಂಬೆ ಮಾಡಿದ್ರು, ಪ್ರತಿಯೊಂದಕ್ಕೂ ಕಣ್ಣಿನ ಜಾಗದಲ್ಲಿ ಎರಡು ತೂತು, ಕೋಣೆ ತುಂಬಾ ನಿಂತು ಬಾಗಿಲಲ್ಲಿರೋ ನಿಮ್ಮನ್ನೇ ದುರುಗುಟ್ಟಿ ನೋಡ್ತಾವೆ, ಒಳಗೆ ಕಾಲಿಡೋಕೆ ಜಾಗಾನೇ ಇರಲ್ಲ.