ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಕಾ, ಬೇಡವಾ?

(ಕ್ಯಾನ್ಸರ್ ವಾರ್ಡಿನಲ್ಲಿ ಆಪ್ತ ಸಮಾಲೋಚಕಿಯಾಗಿರುವ ನಮ್ಮ ಅಂಕಣಕಾರ್ತಿ ಈ ಸಲ ನಾಲ್ಕು ಪತ್ರಗಳಿಗೆ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರು ಕೊಟ್ಟಿಲ್ಲ.)

ಪ್ರಶ್ನೆ: ಮೇಡಂ, ನಮ್ಮಪ್ಪನಿಗೆ 64 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಗಿ ಕೀಮೋ ಶುರುವಾಗಿದೆ. ಕರುಳಲ್ಲಿ ಹುಣ್ಣು ಅಂತಷ್ಟೇ ಅವರಿಗೆ ಹೇಳಿದ್ದೇವೆ. ನಿಜ ಗೊತ್ತಾದರೆ ಕುಸಿದುಹೋಗ್ತಾರೆ ಅಂತ ಅಮ್ಮ, ಅಣ್ಣ ಇಬ್ಬರೂ ಹೇಳ್ತಾರೆ. ಈಚೆಗೆ ಅಪ್ಪ ನಮ್ಮ ಜೊತೆ ಮಾತು ಕಡಿಮೆ ಮಾಡಿದ್ದಾರೆ. ಆಸ್ಪತ್ರೆಯವರು ಕೌನ್ಸೆಲಿಂಗ್ ಮಾಡಿಸಿ ಅಂದರು. ಅಲ್ಲಿ ಯಾರಾದರೂ ಬಾಯಿಬಿಟ್ಟರೆ ಅಂತ ಅಣ್ಣನಿಗೆ ಭಯ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮಣ್ಣನ ಭಯಕ್ಕೆ ಉತ್ತರ ಹೇಳುತ್ತೇನೆ. ಆಪ್ತ ಸಮಾಲೋಚಕರು ರೋಗಿಯ ಎದುರು ಕೂತು ‘ನಿಮಗೆ ಕ್ಯಾನ್ಸರ್ ಇದೆ’ ಎಂದು ಥಟ್ಟನೆ ಹೇಳುವುದಿಲ್ಲ. ರೋಗದ ವಿವರ ತಿಳಿಸುವುದು ಚಿಕಿತ್ಸೆ ಕೊಡುತ್ತಿರುವ ಡಾಕ್ಟರ ಕೆಲಸ. ಅದಕ್ಕೆ ಮನಸ್ಸು ಸಿದ್ಧವಾಗಲು, ಆಮೇಲೆ ಅದನ್ನು ಅರಗಿಸಿಕೊಳ್ಳಲು ಜೊತೆಗಿರುವುದು ನಮ್ಮ ಕೆಲಸ. ಮೊದಲ ಭೇಟಿಯಲ್ಲಿ ನಾನು ಫೈಲ್ ಮುಚ್ಚಿ ಪಕ್ಕಕ್ಕಿಡುತ್ತೇನೆ. ನಿದ್ದೆ ಬರುತ್ತಾ, ಊಟ ಸೇರುತ್ತಾ, ರಾತ್ರಿ ಎಚ್ಚರವಾದಾಗ ಏನು ಯೋಚನೆ ಬರುತ್ತದೆ ಎಂದು ಕೇಳುತ್ತೇನೆ. ಎಷ್ಟೋ ಹೊತ್ತಾದ ಮೇಲೆ, ‘ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನೇನು ಗೊತ್ತಿದೆ?’ ಎನ್ನುತ್ತೇನೆ. ಕೇಳಿ ಸುಮ್ಮನಿರುತ್ತೇನೆ.

ಆಗ ಬರುವ ಉತ್ತರ ಎಷ್ಟೋ ಸಲ ಮನೆಯವರು ಊಹಿಸಿಯೇ ಇರದಂಥದ್ದು. ಒಬ್ಬ ಹಿರಿಯರಿಗೆ ಮನೆಯವರು ರಕ್ತ ಕಡಿಮೆ ಇದೆ ಎಂದಿದ್ದರು. ಅವರು ಡ್ರಿಪ್ ಬಾಟಲಿ ಮೇಲಿನ ಔಷಧಿ ಹೆಸರನ್ನು ಪಕ್ಕದ ಬೆಡ್‌ನವರ ಮೊಬೈಲಿನಲ್ಲಿ ಹುಡುಕಿಸಿ ಎಲ್ಲ ತಿಳಿದುಕೊಂಡಿದ್ದರು. ‘ಮಗನ ಮುಂದೆ ನನಗೆ ಗೊತ್ತಿಲ್ಲ ಅಂತಲೇ ಇರ್ಲಿ, ಪಾಪ ಅವನು ತುಂಬ ಕಷ್ಟಪಟ್ಟು ಮುಚ್ಚಿಡ್ತಿದ್ದಾನೆ’ ಎಂದರು. ಅಪ್ಪ ಮಗ ಇಬ್ಬರೂ ಒಂದೇ ಭಯವನ್ನು ಬೇರೆ ಬೇರೆ ಕೂತು ಹೊರುತ್ತಿದ್ದರು. ನಿಮ್ಮಪ್ಪ ಮಾತು ಕಡಿಮೆ ಮಾಡಿದ್ದಾರೆ ಎಂದು ಓದಿದಾಗ ನನಗೆ ಮೊದಲು ಬಂದ ಅನುಮಾನ ಇದೇ. ಅವರಿಗೂ ಗೊತ್ತಿರಬಹುದು. ಕೇಳಿದರೆ ನೀವು ಸುಳ್ಳು ಹೇಳಬೇಕಾಗುತ್ತದೆ ಅಂತ ಕೇಳುತ್ತಿಲ್ಲದೇ ಇರಬಹುದು.

ಮುಚ್ಚಿಡುವುದು ಪ್ರೀತಿಯಿಂದಲೇ. ಅದನ್ನು ತಪ್ಪು ಎಂದು ಯಾರನ್ನೂ ಬೈಯಲು ನನಗೆ ಮನಸ್ಸಿಲ್ಲ. ಒಂದು ಕಾಲದಲ್ಲಿ ಡಾಕ್ಟರುಗಳೇ ಹೀಗೆ ಮಾಡುತ್ತಿದ್ದರು. 1961ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 90 ಡಾಕ್ಟರುಗಳು, ರೋಗಿಗೆ ಕ್ಯಾನ್ಸರ್ ಎಂದು ಹೇಳದಿರುವುದೇ ತಮ್ಮ ರೂಢಿ ಎಂದಿದ್ದರು. 1979ರ ಹೊತ್ತಿಗೆ ಇನ್ನೊಂದು ಸಮೀಕ್ಷೆಯಲ್ಲಿ ನೂರಕ್ಕೆ 97 ಮಂದಿ, ಹೇಳುವುದೇ ತಮ್ಮ ರೂಢಿ ಎಂದರು. ಈ ನಡುವೆ, 1977ರಲ್ಲಿ, ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಜಿಮ್ಮಿ ಹಾಲೆಂಡ್ ಎಂಬ ಮನೋವೈದ್ಯೆ ರೋಗಿಗಳ ಮನಸ್ಸಿನ ಆರೈಕೆಗೆಂದೇ ಒಂದು ವಿಭಾಗ ಶುರುಮಾಡಿದ್ದರು. ನನ್ನಂಥವರು ಇವತ್ತು ಮಾಡುವ ಕೆಲಸದ ಬೇರು ಅಲ್ಲಿದೆ.

ಕೆಟ್ಟ ಸುದ್ದಿ ಹೇಳುವುದಕ್ಕೂ ಒಂದು ಕ್ರಮ ಇದೆ. ಬೈಲ್, ಬಕ್‌ಮನ್ ಮೊದಲಾದ ವೈದ್ಯರು 2000ರಲ್ಲಿ ಅದನ್ನು ಆರು ಹಂತ ಮಾಡಿ ಬರೆದರು. ಸುದ್ದಿ ಹೇಳುವುದು ಅದರಲ್ಲಿ ನಾಲ್ಕನೆಯದು, ನೋಡಿ. ಅದಕ್ಕೂ ಮೊದಲು ರೋಗಿಗೆ ಎಷ್ಟು ಗೊತ್ತಿದೆ ಎಂದು ಕೇಳಬೇಕು, ಇನ್ನೆಷ್ಟು ತಿಳಿಯುವ ಮನಸ್ಸಿದೆ ಎಂದೂ ಕೇಳಬೇಕು. ‘ವಿವರ ಎಲ್ಲ ನಿಮಗೇ ಹೇಳೋದಾ, ಮಗನ ಹತ್ತಿರ ಮಾತಾಡೋದಾ?’ ಎಂದು ಕೇಳಿದಾಗ ಕೆಲವರು, ‘ಮಗನಿಗೆ ಹೇಳಿ, ನನಗೆ ಬೇಡ’ ಎನ್ನುತ್ತಾರೆ. ಅದನ್ನು ನಾವು ಗೌರವಿಸಲೇಬೇಕು. ಆದರೆ ಆ ಮಾತು ಅವರ ಬಾಯಿಂದಲೇ ಬರಬೇಕು. ಅವರ ಪರವಾಗಿ ಮನೆಯವರೇ ತೀರ್ಮಾನ ಮಾಡಿಬಿಡಬಾರದು.

ಇನ್ನೊಂದು ಮಾತು. ತನಗೆ ಕೊಡುತ್ತಿರುವುದು ಏನೆಂದು ಗೊತ್ತಿಲ್ಲದವರು ತೊಂದರೆ ಬಂದರೂ ಹೇಳುವುದಿಲ್ಲ. ಬೆರಳು ಜೋಮು ಹಿಡಿದರೆ ವಯಸ್ಸಾಯಿತು ಎಂದುಕೊಳ್ಳುತ್ತಾರೆ. ಕೀಮೋ ನಡೆಯುವಾಗ 100.4 ಡಿಗ್ರಿ ಜ್ವರ ಬಂದರೂ ತಡಮಾಡದೆ ಆಸ್ಪತ್ರೆಗೆ ಫೋನ್ ಮಾಡಬೇಕು. ಬರೀ ಹುಣ್ಣು ಅಂದುಕೊಂಡವರು ಒಂದು ಮಾತ್ರೆ ನುಂಗಿ ಮಲಗಿಬಿಡುತ್ತಾರೆ.

ಅಮ್ಮ, ಅಣ್ಣ, ನೀವು ಮೂವರೂ ಮೊದಲು ಸಮಾಲೋಚಕರನ್ನು ಕಾಣಿ. ಅಪ್ಪ ಬೇಡ. ಅಣ್ಣ ತನ್ನ ಭಯವನ್ನು ಅಲ್ಲಿ ಬಾಯಿಬಿಟ್ಟು ಹೇಳಲಿ. ಆಮೇಲೆ ಅಪ್ಪನ ಭೇಟಿ. ಈ ನಡುವೆ ಅವರೇ ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡಿ. ‘ನಿಮಗೆ ಏನು ಅನ್ನಿಸ್ತಿದೆ ಅಪ್ಪಾ? ಇಬ್ಬರೂ ಡಾಕ್ಟರನ್ನ ಕೇಳೋಣ’ ಎನ್ನಿ.

ಪ್ರಶ್ನೆ: ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್ ಇತ್ತು. ಚಿಕಿತ್ಸೆ ಮುಗಿದು ಈಗ ರೋಗ ಮತ್ತೆ ಬಾರದಿರಲಿ ಅಂತ ಕೊಡುವ ಟ್ಯಾಮೊಕ್ಸಿಫೆನ್ ಮಾತ್ರೆ ನಡೆಯುತ್ತಿದೆ. ರಿಪೋರ್ಟ್ ಚೆನ್ನಾಗಿದೆ. ಆದರೂ ಸುಮ್ನೆ ಅಳುತ್ತಾಳೆ. ಚೆಕಪ್ ಹತ್ತಿರ ಬಂದರೆ ನಿದ್ದೆಯೇ ಇಲ್ಲ. ಎಲ್ಲರೂ ಧೈರ್ಯ ಹೇಳಿದ್ದಾಯಿತು. ಮನೋವೈದ್ಯರಿಗೆ ತೋರಿಸುವಷ್ಟು ಆಗಿದೆಯಾ?

ಉತ್ತರ: ಚಿಕಿತ್ಸೆ ನಡೆಯುವಾಗ ದಿನವೂ ಏನಾದರೂ ಕೆಲಸ ಇರುತ್ತದೆ. ಡಾಕ್ಟರು, ನರ್ಸು ಸುತ್ತ ಇರುತ್ತಾರೆ. ಅದು ಮುಗಿದ ಮೇಲೆಯೇ ಎಷ್ಟೋ ಜನರಿಗೆ ಭಯ ಮೇಲೇಳುತ್ತದೆ. ರೋಗ ಮತ್ತೆ ಬಂದರೆ ಎಂಬ ಯೋಚನೆ ಚೆಕಪ್ ಹೊತ್ತಿಗೆ ಜಾಸ್ತಿಯಾಗುವುದೂ ಸಾಮಾನ್ಯ. ಅವರು ಸುಮ್ನೆ ಅಳುತ್ತಿಲ್ಲ.

‘ಧೈರ್ಯವಾಗಿರು’ ಎಂದು ಎಲ್ಲರೂ ಹೇಳಿದಾಗ ರೋಗಿಗೆ ಭಯ ಹೋಗುವುದಿಲ್ಲ, ಭಯ ಹೇಳಿಕೊಳ್ಳುವ ದಾರಿ ಮುಚ್ಚಿಹೋಗುತ್ತದೆ. ಅದರ ಬದಲು, ‘ಯಾವುದು ನೆನೆಸಿಕೊಂಡರೆ ಜಾಸ್ತಿ ಭಯ ಆಗುತ್ತೆ?’ ಎಂದು ಕೇಳಿ ನೋಡಿ. ಉತ್ತರ ಬಂದ ತಕ್ಷಣ ಸಮಾಧಾನ ಹೇಳಲು ಹೋಗಬೇಡಿ.

ನಾವು ವಾರ್ಡಿನಲ್ಲಿ ಥರ್ಮಾಮೀಟರ್ ಚಿತ್ರ ಇರುವ ಒಂದು ಹಾಳೆ ಬಳಸುತ್ತೇವೆ. ಇವತ್ತೂ ಸೇರಿ ಕಳೆದ ಒಂದು ವಾರದ ಸಂಕಟ ಎಷ್ಟು ಎಂದು 0ರಿಂದ 10ರೊಳಗೆ ರೋಗಿಯೇ ಗುರುತು ಹಾಕಬೇಕು. 4 ಅಥವಾ ಅದಕ್ಕಿಂತ ಮೇಲಿದ್ದರೆ ಕೂತು ವಿಚಾರಿಸುತ್ತೇವೆ. ನಿಮ್ಮ ಹೆಂಡತಿಯನ್ನೂ ಹಾಗೇ ಕೇಳಬಹುದು. ಎರಡು ವಾರಕ್ಕಿಂತ ಜಾಸ್ತಿ ದಿನ ಬೇಸರ ಬಿಡದಿದ್ದರೆ, ಮೊದಲು ಇಷ್ಟವಾಗುತ್ತಿದ್ದದ್ದು ಯಾವುದೂ ಬೇಡವಾದರೆ, ಮನೋವೈದ್ಯರಿಗೆ ತೋರಿಸಿ. ‘ಬದುಕಿ ಏನು ಪ್ರಯೋಜನ’ ಎಂಬಂಥ ಮಾತು ಬಂದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅವತ್ತೇ ಹೋಗಿ.

ಹೋದಾಗ ಟ್ಯಾಮೊಕ್ಸಿಫೆನ್ ವಿಷಯ ಮರೆಯದೆ ಹೇಳಿ. ಪ್ಯಾರಾಕ್ಸೆಟೀನ್, ಫ್ಲೂಆಕ್ಸೆಟೀನ್‌ನಂಥ ಖಿನ್ನತೆಯ ಮಾತ್ರೆಗಳು, ಟ್ಯಾಮೊಕ್ಸಿಫೆನ್ ದೇಹದಲ್ಲಿ ಕೆಲಸ ಮಾಡುವ ರೂಪಕ್ಕೆ ಬದಲಾಗುವುದನ್ನು ತಡೆಯುತ್ತವೆ. ಆ ತೊಂದರೆ ಅಷ್ಟಾಗಿ ಇಲ್ಲದ ಬೇರೆ ಮಾತ್ರೆಗಳಿವೆ. ಇಬ್ಬರು ಡಾಕ್ಟರುಗಳಿಗೂ ಎರಡೂ ಚೀಟಿ ತೋರಿಸಿ. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಪ್ರಶ್ನೆ: ಮುಂದಿನ ವಾರ ನನಗೆ ಕೀಮೋ ಶುರು. ಮಗಳಿಗೆ ಏಳು ವರ್ಷ. ಅವಳಿಗೆ ಏನು ಹೇಳಲಿ?

ಉತ್ತರ: ಕಾಯಿಲೆಯ ಹೆಸರು ಹೇಳಿ, ಕ್ಯಾನ್ಸರ್ ಅಂತಲೇ. ಬರೀ ‘ಹುಷಾರಿಲ್ಲ’ ಎಂದರೆ ನಾಳೆ ತನಗೆ ನೆಗಡಿಯಾದರೂ ಅದೇ ಎಂದು ಹೆದರಬಹುದು. ಕೂದಲು ಉದುರುವ ಔಷಧಿಯಾದರೆ ಉದುರುವ ಮೊದಲೇ ತಿಳಿಸಿ.

ಈ ವಯಸ್ಸಿನ ಮಕ್ಕಳು ಬಾಯಿಬಿಟ್ಟು ಕೇಳದ ಪ್ರಶ್ನೆಗಳಿರುತ್ತವೆ. ನಾನು ಹಟ ಮಾಡಿದ್ದಕ್ಕೆ ಅಮ್ಮನಿಗೆ ಹೀಗಾಯಿತಾ? ಮುಟ್ಟಿದರೆ ನನಗೂ ಬರುತ್ತಾ? ನನ್ನ ಯಾರು ನೋಡಿಕೊಳ್ಳುತ್ತಾರೆ? ಅವಳು ಕೇಳದಿದ್ದರೂ ನೀವೇ ಹೇಳಿಬಿಡಿ. ಅವಳಿಂದ ಆಗಿದ್ದಲ್ಲ, ಮುಟ್ಟಿದರೆ ಬರುವುದಿಲ್ಲ, ಅಪ್ಪಿಕೊಳ್ಳಬಹುದು. ನೀವು ಆಸ್ಪತ್ರೆಯಲ್ಲಿರುವ ದಿನ ಸ್ಕೂಲಿಗೆ ಬಿಡುವವರು ಯಾರು, ರಾತ್ರಿ ಪಕ್ಕದಲ್ಲಿ ಮಲಗುವವರು ಯಾರು ಎಂದು ಹೆಸರು ಹಿಡಿದು ಹೇಳಿ. ಮಕ್ಕಳಿಗೆ ಇದೇ ದೊಡ್ಡ ನೆಮ್ಮದಿ. ‘ನೀನು ಸತ್ತುಹೋಗ್ತೀಯಾ?’ ಎಂದರೆ, ‘ವಾಸಿ ಮಾಡೋಕೆ ಡಾಕ್ಟರು ಔಷಧಿ ಕೊಡ್ತಿದ್ದಾರೆ. ಏನಾದರೂ ಬದಲಾದರೆ ನಾನೇ ನಿನಗೆ ಹೇಳ್ತೀನಿ’ ಎನ್ನಿ. ಆಮೇಲೆ ಆ ಮಾತು ಉಳಿಸಿಕೊಳ್ಳಿ. ಅವಳ ಟೀಚರಿಗೂ ವಿಷಯ ತಿಳಿಸಿ.

ಪ್ರಶ್ನೆ: ಗಂಡನಿಗೆ ಕೀಮೋ ನಡೆಯುತ್ತಿದೆ. ಡ್ರಿಪ್ ಆದ ಮೇಲೆ ಎರಡು ಮೂರು ದಿನ ಸಣ್ಣ ಮಾತಿಗೂ ರೇಗುತ್ತಾರೆ, ರಾತ್ರಿಯೆಲ್ಲ ಎದ್ದಿರುತ್ತಾರೆ. ನನಗೂ ಸಾಕಾಗಿದೆ. ಹೀಗೆ ಅನ್ನಿಸುವುದು ಪಾಪವಾ?

ಉತ್ತರ: ಖಂಡಿತ ಅಲ್ಲ. ನಿದ್ದೆಗೆಟ್ಟವರಿಗೆ ಸಾಕಾಗುತ್ತದೆ, ಪ್ರೀತಿ ಎಷ್ಟೇ ಇದ್ದರೂ.

ಆ ಎರಡು ಮೂರು ದಿನದ ಲೆಕ್ಕ ಗಮನಿಸಿದ್ದು ಒಳ್ಳೆಯದಾಯಿತು. ಕೀಮೋ ಜೊತೆ ವಾಂತಿ ತಡೆಯಲು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುವುದುಂಟು. ಅದರಿಂದ ನಿದ್ದೆ ಕೆಡುತ್ತದೆ, ಸಿಟ್ಟು ಬರುತ್ತದೆ. ನಿಮ್ಮವರಿಗೂ ಅದೇ ಇದೆಯಾ, ಬೆಳಗ್ಗೆಯೇ ಕೊಡಬಹುದಾ ಎಂದು ಡಾಕ್ಟರನ್ನು ಕೇಳಿ. ಸಿಟ್ಟಿನಲ್ಲಿ ಸ್ವಲ್ಪ ಪಾಲು ಔಷಧಿಯದು ಎಂದು ತಿಳಿದರೆ ಇಬ್ಬರಿಗೂ ಹಗುರಾಗುತ್ತದೆ.

ಸಹಾಯ ಮಾಡುತ್ತೇವೆ ಎಂದವರಿಗೆ ‘ಬೇಡ, ಪರವಾಗಿಲ್ಲ’ ಎನ್ನಬೇಡಿ. ದಿನ, ಹೊತ್ತು ಹೇಳಿ ಕರೆಯಿರಿ. ಅವರು ಬಂದು ಕೂತಾಗ ನೀವು ಇನ್ನೊಂದು ಕೋಣೆಯಲ್ಲಿ ಮಲಗಿ. ಇನ್ನು ಕೌನ್ಸೆಲಿಂಗ್ ರೋಗಿಗೆ ಮಾತ್ರ ಅಲ್ಲ. ಮುಂದಿನ ಡ್ರಿಪ್‌ಗೆ ಹೋದಾಗ ಅವರು ಮಲಗಿರುವ ಹೊತ್ತಿನಲ್ಲಿ ಸಮಾಲೋಚಕರ ಕೋಣೆಗೆ ನೀವೊಬ್ಬರೇ ಹೋಗಿ. ಅಪಾಯಿಂಟ್‌ಮೆಂಟ್ ನಿಮ್ಮ ಹೆಸರಿನಲ್ಲೇ ಬರೆಸಿ.